ಮೂರನೆಯ ಪಾಟಾ

ಬಸವನ ಬಾಗೇವಾಡಿಯಲ್ಲಿ ವಿದ್ಯಾವತಿ ಅಕ್ಕಾರ ಮನೆ ಎಲ್ಲಿ ಎಂದು ಕೇಳಿದರೆ, "ಹಾಲಿನ ಕ್ಯಾನಿನ್ಯಾಗ ಬೆರಳ ಅದ್ದಿ ನೋಡ್ತಾರಲ್ಲ, ಅವರ ಮನಿ ಹೌದಿಲ್ಲೋ?" ಎಂದು ಕೇಳಿ ಆಮೇಲೆ ದಾರಿ ತೋರಿಸುತ್ತಾರೆ. ಅವರು ಯಾರನ್ನೂ ನಂಬುವುದಿಲ್ಲ ಎಂಬುದನ್ನು ಊರು ದೂರಾಗಿ ಹೇಳುತ್ತಿರಲಿಲ್ಲ. ಕೆಲವರ ಮನೆ ಮುಂದೆ ಬೇವಿನ ಮರ ಇರುತ್ತದೆ, ಕೆಲವರ ಮನೆ ಮುಂದೆ ಬಾವಿ. ಇವರ ಮನೆಗೆ ಸಂಶಯವೇ ಗುರುತು.

ಹುಟ್ಟಿದ್ದು ಇಂಡಿಯಲ್ಲಿ, ನಿಂಬೆಹಣ್ಣಿನ ವ್ಯಾಪಾರಿಯ ಮಗಳಾಗಿ. ಚೀಲದ ಬಾಯಲ್ಲಿ ಕಾಣುವ ಹಣ್ಣು ಮಾರುವವನ ನಾಲಿಗೆ, ತಳದಲ್ಲಿರುವುದು ಅವನ ಮನಸ್ಸು ಎಂದು ಅಪ್ಪ ಹೇಳುತ್ತಿದ್ದ. ಏಳು ವರ್ಷದ ಹುಡುಗಿಯ ತೆಳ್ಳನೆಯ ತೋಳು ತುಂಬಿದ ಚೀಲದ ತಳದವರೆಗೆ ಸಲೀಸಾಗಿ ಇಳಿಯುತ್ತಿತ್ತು. ಅಲ್ಲಿ ಬೆರಳಿಗೆ ಮೆತ್ತಗೆ ಏನೋ ತಾಗಿದ ಕೂಡಲೇ ಅವಳಿಗೆ ಬೇಸರವಾಗುತ್ತಿತ್ತು. ಅದರ ಹಿಂದೆಯೇ, ಹೇಳಿಕೊಳ್ಳಲಾಗದ ಒಂದು ಸಮಾಧಾನವೂ.

ಮುಂದೆ ಶಾಲೆಯಲ್ಲಿ ಅಕ್ಕಾರಾಗಿ, ಅಂದರೆ ಟೀಚರಾಗಿ, ಮೂವತ್ಮೂರು ವರ್ಷ ಗಣಿತ ಕಲಿಸಿದರು. ಪರೀಕ್ಷೆಯಲ್ಲಿ ನಕಲು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಕಿಟಕಿ, ಅಂಗಿಯ ತೋಳು, ಕಾಲಡಿಯ ಚೀಟಿ, ಇವನ್ನೆಲ್ಲ ಅವರು ನೋಡುತ್ತಲೇ ಇರಲಿಲ್ಲ. ಉತ್ತರಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ತಪ್ಪುಗಳನ್ನಷ್ಟೇ ಓದುತ್ತಿದ್ದರು. "ಸರಿ ಉತ್ತರ ಎಲ್ಲರದೂ ಒಂದ ಇರ್ತೈತಿ. ತಪ್ಪು ಅವರವರ ಸ್ವಂತದ್ದು. ಇಬ್ಬರ ತಪ್ಪೂ ಒಂದ ಆದ್ರ, ಒಬ್ಬ ಕಳ್ಳ."

ಗಂಡ ಗುರಪ್ಪನದು ತೊಗರಿಬೇಳೆಯ ಮಿಲ್ಲು. ಅವನ ಇನ್ನೊಂದು ಪ್ರೀತಿ ಎರಡೇ ಬಾಗಿಲಿನ, ನೆಲಕ್ಕೆ ಹತ್ತಿಕೊಂಡಂತಿದ್ದ ಒಂದು ಕಾರು. ಒಂದು ಕಾಲಕ್ಕೆ ರೇಸಿನಲ್ಲಿ ಓಡಿದ್ದು, ಎಂಜಿನ್ನಿಗೆ ಎರಡು ಕಾರ್ಬೊರೇಟರು. ಬೆಳಗಾವಿಯ ಒಬ್ಬ ಮಾಜಿ ಸೈನಿಕನಿಂದ ಕೊಂಡು ತಂದಿದ್ದ. ಮದುವೆಯಾದ ಮೂರನೆಯ ವರ್ಷ, ಕೊಲ್ಹಾರದ ಸೇತುವೆಗೆ ಇನ್ನೂ ಸ್ವಲ್ಪ ದೂರವಿರುವಾಗ ಒಂದು ತಿರುವಿನಲ್ಲಿ ಅದರ ಹಿಂದಿನ ಗಾಲಿ ಒಳಕ್ಕೆ ಮಡಚಿಕೊಂಡಿತು. ಕಾರು ಜೋಳದ ಹೊಲಕ್ಕೆ ಉರುಳಿತು. ಗುರಪ್ಪನಿಗೆ ತರಚು ಗಾಯವೂ ಆಗಲಿಲ್ಲ. ವಿದ್ಯಾವತಿಯ ಎಡಮೊಣಕೈ ಅಂದಿನಿಂದ ಪೂರ್ತಿ ನೆಟ್ಟಗಾಗುವುದಿಲ್ಲ.

ಅದಕ್ಕೆ ಎಂಟು ದಿನ ಮೊದಲು ಕಾರು ಯಾವುದೋ ಗ್ಯಾರೇಜಿಗೆ ಹೋಗಿ ಬಂದಿತ್ತು. ಗಾಡಿಯ ಭಾರ ಹೊರಲು ಒಂದರ ಕೆಳಗೊಂದು ಜೋಡಿಸುವ ಬಾಗಿದ ಉಕ್ಕಿನ ಪಟ್ಟಿಗಳನ್ನು ನಮ್ಮ ಕಡೆ ಪಾಟಾ ಎನ್ನುತ್ತಾರೆ. ಆ ಗ್ಯಾರೇಜಿನವ ಒಳ್ಳೆಯ ಪಾಟಾ ತೆಗೆದುಕೊಂಡು ಕೆಟ್ಟದ್ದನ್ನು ಕೂಡಿಸಿದ ಎಂದು ವಿದ್ಯಾವತಿ ತೀರ್ಮಾನಿಸಿದರು. ಗುರಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕಾರನ್ನು ಮಿಲ್ಲಿನ ಗೋದಾಮಿಗೆ ತಳ್ಳಿ ತಾಡಪತ್ರಿ ಹೊದಿಸಿದ. ಮೂರು ವರ್ಷದ ಹಿಂದೆ ಅವನು ಜ್ವರದಲ್ಲಿ ತೀರಿಕೊಳ್ಳುವವರೆಗೂ ಅದನ್ನು ಯಾರೂ ಸರಿಸಿರಲಿಲ್ಲ.

ಸರಿಸಿದವಳು ಮಗಳು ವಿಜಯಲಕ್ಷ್ಮಿ. ಮುದ್ದೇಬಿಹಾಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಎರಡು ವರ್ಷ ರಜೆಗಳನ್ನೆಲ್ಲ ಸುರಿದು ಎಂಜಿನ್ನಿಗೆ ಜೀವ ತಂದಳು. ಈ ನವೆಂಬರಿನಲ್ಲಿ ವಿಜಯಪುರದ ಹೊರಗೊಂದು ಬಯಲಿನಲ್ಲಿ ಹಳೆಯ ಗಾಡಿಗಳ ಓಟ ಎಂದು ತಿಳಿದು ಹೆಸರು ಕೊಟ್ಟೇ ಬಂದಳು. ತಿರುವುಗಳ ನಡುವೆ ಓಡಿಸಬೇಕು, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ.

"ಅವ್ವ, ಹಿಂದಿನ ಎರಡೂ ಗಾಲಿ ಒಂದ ಅಡ್ಡ ಪಾಟಾಕ್ಕ ಜೋತುಬಿದ್ದಾವು. ಪಾಟಾದ ಗೂನು ಹೆಚ್ಚಿದ್ರ ತಿರುವಿನ್ಯಾಗ ಗಾಲಿ ಒಳಗ ಮಡಚ್ತೈತಿ. ಗೂನು ಇಳಿಸಬೇಕು, ಚಾಸಿ ಬಿಗಿ ಮಾಡಬೇಕು. ಇಷ್ಟ ಆದ್ರ ಇದು ನೆಲಾ ಬಿಡಂಗಿಲ್ಲ."

"ಇಷ್ಟ ಆದ್ರ ಅಂತಿ. ಆಗೇತಿ ಅಂತ ಹೇಳವ್ರು ಯಾರು?"

ಕೊನೆಗೆ ವಿದ್ಯಾವತಿ ಒಂದು ಶರತ್ತು ಹಾಕಿದರು. ಕೆಲಸ ತಮ್ಮ ಕಣ್ಣ ಮುಂದೆ ಆಗಬೇಕು, ಮತ್ತು ತಾವು ಹೂಂ ಎನ್ನದೆ ಮಗಳು ಆ ಬಯಲಿಗೆ ಗಾಡಿ ಇಳಿಸಬಾರದು. ವಿಜಯಲಕ್ಷ್ಮಿ ಒಪ್ಪಿದಳು. ಅವ್ವ ಹೂಂ ಅನ್ನುವುದು ಎಷ್ಟು ಅಪರೂಪ ಎಂದು ಗೊತ್ತಿದ್ದೂ ಒಪ್ಪಿದಳು.

ಹೀಗಾಗಿ ಕಾರು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಸಿಂದಗಿಗೆ ಹೋಯಿತು. ಕಲಬುರಗಿ ರಸ್ತೆಯಲ್ಲಿ ಕಾಳಪ್ಪನ ತಗಡಿನ ಶೆಡ್ಡು ಇದೆ. ಕಬ್ಬಿನ ಹಂಗಾಮು ಬಂತೆಂದರೆ ಆ ಶೆಡ್ಡಿನ ಮುಂದೆ ಸೊಂಟ ಮುರಿದುಕೊಂಡ ಟ್ರೇಲರುಗಳು ಸಾಲಾಗಿ ನಿಲ್ಲುತ್ತವೆ. ಕಾಳಪ್ಪ ಇಕ್ಕಳದಲ್ಲಿ ಕೆಂಪಗೆ ಕಾದ ಪಾಟಾ ಹಿಡಿದು ಅಡಿಗಲ್ಲಿನ ಮೇಲೆ ಇಡುತ್ತಾನೆ. ಅವನ ಹೆಂಡತಿ ಕಸ್ತೂರೆವ್ವ ಸೆರಗು ಸೊಂಟಕ್ಕೆ ಸಿಗಿಸಿ ದೊಡ್ಡ ಸುತ್ತಿಗೆ ಎತ್ತಿ ಹೊಡೆಯುತ್ತಾಳೆ. ಅವನು ಬಾಯಿ ಬಿಡುವುದು ಕಡಿಮೆ. ಅವಳು ಸುತ್ತಿಗೆ ಎತ್ತುವಾಗ ಮಾತ್ರ ಸುಮ್ಮನಿರುತ್ತಾಳೆ.

ವಿದ್ಯಾವತಿ ದಿನಾ ಬೆಳಗಿನ ಬಸ್ಸಿಗೆ ಬಂದರು. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡೆ, ರೊಟ್ಟಿಯ ಡಬ್ಬಿ. ಮೊದಲ ದಿನ ಪಾಟಾ ಬಿಚ್ಚಿ ಹೊರಗೆ ಹರವಿದ ಕೂಡಲೇ ಚೀಲದಿಂದ ಮಗಳ ಉಗುರುಬಣ್ಣದ ಸೀಸೆ ತೆಗೆದರು. ಬಗ್ಗಿ, ಎಂಟೂ ಪಟ್ಟಿಗಳಿಗೆ ಒಂದೊಂದು ಕೆಂಪು ಚುಕ್ಕೆ ಇಟ್ಟರು. ರಿಪೇರಿಗೆ ಮಿಕ್ಸರ್ ಕೊಡಲಿ, ಮೋಟಾರ್ ಕೊಡಲಿ, ಅವರ ಪದ್ಧತಿ ಅದೇ.

ಕಸ್ತೂರೆವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಏನ್ರಿ ಅಕ್ಕಾರ, ಕಬ್ಬಿಣದ ಮದುವಿ ಮಾಡಾಕತ್ತೀರೇನು? ಕುಂಕುಮ ಹಚ್ಚಾಕತ್ತೀರಿ."

"ಗುರುತು ಇರ್ಲಿ ಅಂತ."

"ಇರ್ಲಿ, ಇರ್ಲಿ. ನನ್ನ ಗಂಡಗೂ ಒಂದು ಹಚ್ಚಿಬಿಡ್ರಿ. ಸಂತ್ಯಾಗ ಬದಲಾದಾನು."

ಕಾಳಪ್ಪ ಇದಾವುದನ್ನೂ ಕೇಳಿಸಿಕೊಳ್ಳದವನಂತೆ ಪ್ರತಿ ಪಟ್ಟಿಯನ್ನೂ ದಾರದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದ. ಒಳ್ಳೆಯ ಉಕ್ಕು ಗುಡಿಯ ಗಂಟೆಯ ಹಾಗೆ ಉದ್ದಕ್ಕೆ ನುಡಿಯುತ್ತದೆ. ಆರನೆಯದನ್ನು ತಟ್ಟಿ, ದಪ್ಪವನ್ನು ಹೆಬ್ಬೆರಳಲ್ಲಿ ಅಳೆದು, ಅದನ್ನು ಮೂಲೆಗಿಟ್ಟ.

"ಇದು ಈ ಮನಿತನದ್ದಲ್ರಿ. ಜೀಪಿನ ಪಾಟಾ. ಯಾರೋ ಆಮ್ಯಾಲೆ ಸೇರಿಸ್ಯಾರ. ಅದಕ್ಕ ಇದರ ಗೂನು ಇಷ್ಟ ಎದ್ದೈತಿ."

ವಿದ್ಯಾವತಿ ಕುರ್ಚಿಯಿಂದ ಎದ್ದೇ ಬಿಟ್ಟರು. "ನಾ ಅವತ್ತಿಂದ ಹೇಳಾಕತ್ತೇನಿ. ಆ ಗ್ಯಾರೇಜಿನವನ ಕೆಲಸಾನ ಇದು."

"ಗ್ಯಾರೇಜಿನವ ತನ್ನ ಪಾಟಾ ತಂದು ನಿಮ್ಮ ಗಾಡಿಗೆ ಯಾಕ ಹಾಕ್ತಾನ್ರಿ? ತೆಗಿಯೋ ಕಳ್ಳನ್ನ ನೋಡೇನಿ, ಹಾಕೋ ಕಳ್ಳನ್ನ ನೋಡಿಲ್ಲ. ಲೋಡ್ ಹೊರಬೇಕು ಅಂತ ಮಾಲಕರ ಹೇಳಿರ್ಬೇಕು."

ತೊಗರಿಯ ಹಂಗಾಮಿನಲ್ಲಿ ಗುರಪ್ಪ ಆ ಕಾರಿನ ಹಿಂದಿನ ಸೀಟು ತೆಗೆದು ಚೀಲ ಹೇರುತ್ತಿದ್ದ. ಮೂರು ಚೀಲ, ಒಮ್ಮೊಮ್ಮೆ ನಾಲ್ಕು. ಓಟದ ಕುದುರೆಗೆ ಎತ್ತಿನ ನೊಗ. ಅದು ವಿದ್ಯಾವತಿಗೆ ಮರೆತಿರಲಿಲ್ಲ, ಆದರೆ ಮೊಣಕೈಯ ನೋವಿನ ಪಕ್ಕದಲ್ಲಿಟ್ಟು ಅದನ್ನು ಎಂದೂ ನೋಡಿರಲಿಲ್ಲ. ಇಷ್ಟು ವರ್ಷ ಮುಖ ನೋಡದ ಒಬ್ಬ ಮನುಷ್ಯನ ಮೇಲೆ ಇಟ್ಟಿದ್ದ ಸಂಶಯವನ್ನು ಈಗ ಎಲ್ಲಿ ಇಳಿಸುವುದು? ಸತ್ತವನ ಮೇಲೆ ಇಡಲು ಮನಸ್ಸು ಬರಲಿಲ್ಲ. ಎದುರಿಗಿದ್ದ ಕಾಳಪ್ಪನ ಮೇಲೇ ಇಟ್ಟರು.

ಕಾಳಪ್ಪನಿಗೂ ತನ್ನದೇ ಅನುಮಾನವಿತ್ತು. ಉಳಿದ ಏಳರ ಗೂನನ್ನು ಎರಡು ಬೆರಳಿನಷ್ಟು ಇಳಿಸಬೇಕು ಎಂದು ವಿಜಯಲಕ್ಷ್ಮಿ ಹೇಳಿದಾಗ ಅವನು ತಾಯಿ ಮಗಳ ಮುಖ ಬದಲಿಸಿ ಬದಲಿಸಿ ನೋಡಿದ.

"ನಲವತ್ತು ವರ್ಷದಾಗ ಏರಸ್ರಿ ಅಂದವ್ರನ್ನ ನೋಡೇನಿ. ಇಳಸ್ರಿ ಅಂದವ್ರು ನೀವ ಮೊದಲ. ನಾಳೆ ಗಾಡಿ ನೆಲಕ್ಕ ಕುಂತ್ರ ಕಾಳಪ್ಪ ಕೆಡಿಸಿದ ಅಂತೀರಿ. ಬರದು ಕೊಡ್ರಿ ತಂಗಿ, ಸಹಿ ಮಾಡಿ."

ಅವಳು ಬರೆದು ಕೊಟ್ಟಳು. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟೊಪ್ಪಿಗೆಯೊಳಗೆ ಇಟ್ಟುಕೊಂಡ. ವಿದ್ಯಾವತಿಗೆ ಅವನ ವಿಷಯದಲ್ಲಿ ಮೆಚ್ಚಿಗೆಯಾದದ್ದು ಅದೊಂದೇ.

ಮೊದಲು ಚಾಸಿಯ, ಅಂದರೆ ಗಾಡಿಯ ತಳದ ಚೌಕಟ್ಟಿನ ಕೆಲಸ. ಬಾಡಿಯನ್ನು ಸರಪಳಿಯಿಂದ ಎತ್ತಿ ನಿಲ್ಲಿಸಿದಾಗ, ಕೆಳಗೆ ಎರಡು ಉದ್ದನೆಯ ಕಂಬಿಗಳು ಮೀನಿನ ಮುಳ್ಳಿನ ಹಾಗೆ ಬಿದ್ದಿದ್ದವು. ಕಾಳಪ್ಪ ತುಕ್ಕು ತಿಂದದ್ದನ್ನು ಕತ್ತರಿಸಿದ. ಒಂದು ಬದಿ ತೆರೆದಿದ್ದ ಕಂಬಿಗೆ ತಗಡು ಮುಚ್ಚಿ ಪೆಟ್ಟಿಗೆಯಂತೆ ಮಾಡಿದ, ಎರಡರ ನಡುವೆ ಅಡ್ಡ ಕೊಳವೆ ಬೆಸೆದ. ಮೊದಲು ಕಾರಿನ ಒಂದು ಮೂಲೆಗೆ ಜ್ಯಾಕು ಕೊಟ್ಟರೆ ಇಡೀ ಗಾಡಿ ಹಸಿ ರೊಟ್ಟಿಯ ಹಾಗೆ ತಿರುಚಿಕೊಂಡು ಬಾಗಿಲು ಹಾಕಲು ಬರುತ್ತಿರಲಿಲ್ಲ. ಬೆಸುಗೆ ಮುಗಿದ ಮೇಲೆ ಬಾಡಿ ಇಳಿಸಿ, ಅದೇ ಮೂಲೆಗೆ ಜ್ಯಾಕು ಕೊಟ್ಟು, ಕಾಳಪ್ಪ ಒಂದೇ ಬೆರಳಿನಿಂದ ಬಾಗಿಲು ತಳ್ಳಿದ. ಅದು ಕ್ಲಿಕ್ ಎಂದು ಕೂತಿತು.

ವಿದ್ಯಾವತಿ ಪರ್ಸಿನಿಂದ ಒಂದು ಅಂಚೆ ಕಾರ್ಡು ತೆಗೆದು ಬಾಗಿಲಿನ ಸಂದಿಯಲ್ಲಿ ಮೇಲಿನಿಂದ ಕೆಳಗೆ ಎಳೆದರು. ನಾಲ್ಕೂ ಮೂಲೆಗಳಿಗೆ ಜ್ಯಾಕು ಕೊಡಿಸಿ ನಾಲ್ಕು ಸಲ ಎಳೆದರು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

"ಬಾಗಿಲದ ಕೀಲು ಸಡ್ಲ ಮಾಡೀರೇನು?"

ಕಸ್ತೂರೆವ್ವ ಹಣೆ ಬಡಿದುಕೊಂಡಳು. "ಯಕ್ಕಾ, ನಿಮ್ಮ ಅಳಿಯಾಗಾವನ ದೇವರು ಕಾಯಬೇಕು."

ಶುಕ್ರವಾರ ಮಾತ್ರ ವಿದ್ಯಾವತಿಗೆ ಸಿಂದಗಿಗೆ ಹೋಗಲಾಗಲಿಲ್ಲ. ಪಿಂಚಣಿಯವರು ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಹೋಗಿ ತೋರಿಸಬೇಕು. ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದು ಸವೆದ ಅವರ ಹೆಬ್ಬೆರಳನ್ನು ಯಂತ್ರ ಗುರುತಿಸಲಿಲ್ಲ. ಎದುರಿಗೆ ಕೂತವರನ್ನು, ಇವರು ಅವರೇ ಹೌದೋ ಅಲ್ಲವೋ ಎಂದು ಯಂತ್ರ ಮಧ್ಯಾಹ್ನದವರೆಗೆ ಅನುಮಾನಿಸಿತು. ಆಗಲೂ ಅವರ ಮನಸ್ಸು ಸಿಂದಗಿಯಲ್ಲಿತ್ತು.

ಶನಿವಾರ ಬೆಳಿಗ್ಗೆ ಶೆಡ್ಡಿಗೆ ಬಂದಾಗ ಪಾಟಾ ಜೋಡಿಸಿ ಬಿಗಿದು ಕಾರಿಗೆ ಕೂಡಿಸಿಯಾಗಿತ್ತು. ಎಣ್ಣೆಯಲ್ಲಿ ಅದ್ದಿದ ಕಪ್ಪು ಹೊಳಪು. ವಿದ್ಯಾವತಿ ಕಾರಿನ ಹಿಂದೆ ಮೊಣಕಾಲೂರಿ ಬಗ್ಗಿ ನೋಡಿದರು. ಒಂದೂ ಚುಕ್ಕೆ ಇರಲಿಲ್ಲ. ಮೂಲೆಯಲ್ಲಿ ಒರಗಿದ್ದ ಜೀಪಿನ ಪಾಟಾದ ಮೇಲೆ ಮಾತ್ರ ಕೆಂಪು ಹೊಳೆಯುತ್ತಿತ್ತು.

"ನನ್ನ ಗುರುತು ಎಲ್ಲಿ?"

"ಬೆಂಕ್ಯಾಗ ಹೋದುವ್ರಿ," ಎಂದ ಕಾಳಪ್ಪ. "ಕೆಂಪಗ ಕಾಸಲಾರ್ದ ಗೂನು ಹೆಂಗ ಇಳಸ್ಲಿ?"

"ನಾ ಇಲ್ದ ದಿವಸನ ಕಾಸಬೇಕಿತ್ತೇನು?"

"ರವಿವಾರ ಓಟ ಅಂದವ್ರು ನೀವರಿ."

ಉಗುರುಬಣ್ಣ ಕುಲುಮೆಯಲ್ಲಿ ಉಳಿಯುವುದಿಲ್ಲ ಎಂಬುದು ಎಂಟು ದಿನ ಆ ಕುಲುಮೆಯ ಎದುರಿಗೇ ಕೂತಿದ್ದ ತಮಗೆ ಹೊಳೆಯಲಿಲ್ಲವಲ್ಲ! ಆ ಅವಮಾನ ಸಿಟ್ಟಾಗಿ ಹೊರಗೆ ಬಂತು.

"ಬಿಚ್ಚರಿ. ಪೂರ್ತಿ ಬಿಚ್ಚಿ ಹರವ್ರಿ."

ಟ್ರೇಲರಿನ ಚಾಲಕರು ಚಹಾದ ಲೋಟ ಹಿಡಿದು ಸುತ್ತ ನೆರೆದರು. ಅವರಲ್ಲೊಬ್ಬ, ಯುವರಾಜ, ಹಳೆಯ ವಿದ್ಯಾರ್ಥಿ. "ಅಕ್ಕಾರ, ಕಾಳಪ್ಪಣ್ಣ ಕಾಪಿ ಹೊಡದಾನೇನ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ಕಾಳಪ್ಪ ನಗಲಿಲ್ಲ. ನಲವತ್ತು ವರ್ಷ ಆ ರಸ್ತೆಯಲ್ಲಿ ಅವನಿಗೆ ಇಂಥ ಮಾತು ಯಾರೂ ಅಂದಿರಲಿಲ್ಲ. ಆ ಹೊತ್ತಿಗೆ ಕಾಲೇಜಿನಿಂದ ಅರ್ಧ ದಿನ ರಜೆ ಹಾಕಿ ಬಂದ ವಿಜಯಲಕ್ಷ್ಮಿ ಬಾಗಿಲಲ್ಲೇ ನಿಂತಳು. ಅವ್ವನ ಬೆನ್ನು ನೋಡಿಯೇ ಅವಳಿಗೆ ಸಂಗತಿ ತಿಳಿಯಿತು.

ಏಳು ಪಟ್ಟಿಗಳು ಗೋಣಿಚೀಲದ ಮೇಲೆ ಸಾಲಾಗಿ ಮಲಗಿದವು, ದೊಡ್ಡದರಿಂದ ಸಣ್ಣದರವರೆಗೆ. ವಿದ್ಯಾವತಿ ಅವುಗಳ ನಡುವೆ ಕೂತರು. ಮೊದಲನೆಯದರ ಹೊಟ್ಟೆಯ ಮೇಲೆ ಕೈಯಾಡಿಸಿದರು. ಎರಡೂ ತುದಿಯ ಹತ್ತಿರ ಬೆರಳು ಒಂದು ಕುಳಿಗೆ ಇಳಿಯಿತು, ಅರ್ಧಚಂದ್ರದ ಹಾಗೆ. ಎರಡನೆಯ ಪಟ್ಟಿಯನ್ನು ಎತ್ತಿ ಅದರ ತುದಿಯನ್ನು ಆ ಕುಳಿಗೆ ಇಟ್ಟರು. ಕೀಲಿಯಂತೆ ಕೂತಿತು. ಎಷ್ಟೋ ವರ್ಷ ಇದು ಅದನ್ನು ಒತ್ತಿ, ಉಜ್ಜಿ, ಕೊರೆದು, ತನ್ನ ಆಕಾರವನ್ನು ಅದರ ಮೈಯಲ್ಲಿ ಬಿಟ್ಟಿತ್ತು. ಬೆಂಕಿ ಅಳಿಸಲಾರದ ಗುರುತು ಅದು. ಇಂಥ ಗುರುತನ್ನು ಯಾರೂ ನಕಲು ಮಾಡಲಾರರು ಎಂದು ಅವರಿಗೆ ತಕ್ಷಣ ತಿಳಿಯಿತು.

ನಾಲ್ಕರ ಕುಳಿಗೆ ಐದು, ಐದರದಕ್ಕೆ ಆರು, ಆರರದಕ್ಕೆ ಏಳು, ಎಲ್ಲಕ್ಕೂ ಜೋಡಿ ಸಿಕ್ಕಿತು. ಮೂರನೆಯದು ಮಾತ್ರ ಕೂರಲಿಲ್ಲ. ಅದರ ತುದಿ ಎರಡನೆಯದರ ಕುಳಿಗಿಂತ ಕೂದಲೆಳೆಯಷ್ಟು ಅಗಲ. ಹೊರಳಿಸಿದರೆ ಹೊಟ್ಟೆ ನುಣ್ಣಗೆ, ಒಂದು ಗಾಯವೂ ಇಲ್ಲದೆ.

"ಮೂರನೇದು ಈ ಮನಿತನದ್ದಲ್ಲ," ಎಂದರು ವಿದ್ಯಾವತಿ.

ಕಾಳಪ್ಪ ನೆಲ ನೋಡಿದ. ಮಾತಾಡಿದವಳು ಕಸ್ತೂರೆವ್ವ. "ಬಡ್ಕೊಂಡೆ ಇವಗ! ಅಕ್ಕಾರಿಗೆ ಹೇಳು, ಹೇಳು ಅಂತ. ಬಾಯಾಗ ಗುಟ್ಕಾ ಇದ್ದವರಂಗ ಕುಂತಿದ್ದ."

"ಕಾಸಿ ಹೊಡಿಯೋವಾಗ ಅದರ ದನಿ ಬದಲಾತ್ರಿ," ಎಂದ ಕಾಳಪ್ಪ ನಿಧಾನವಾಗಿ. "ನಡುವಿನ ಬೋಲ್ಟಿನ ತೂತಿನ ಹತ್ರ ಬಿರುಕು. ಕೂದಲಷ್ಟ. ಹೊಸ ಉಕ್ಕು ತಗೊಂಡು ಅದ ದಪ್ಪದ್ದು ಬಡದೆ. ನಿಮಗ ಹೇಳಿದ್ರ ನಂಬ್ತಿದ್ರೇನು?"

ವಿದ್ಯಾವತಿ ಸುಳ್ಳು ಹೇಳುವವರಲ್ಲ. "ಇಲ್ಲ."

"ಅದಕ್ಕ ಹೇಳಲಿಲ್ಲ."

"ಹಳೇದು ತೋರಸ್ರಿ."

ಕಸ್ತೂರೆವ್ವ ಒಳಗೆ ಹೋಗಿ ಎರಡು ಕುಡಗೋಲು ತಂದು ಮುಂದಿಟ್ಟಳು, ಇನ್ನೂ ಹಿಡಿ ಹಾಕದವು. ಕಬ್ಬು ಕಡಿಯುವವರು ಹಂಗಾಮಿನಲ್ಲಿ ಕೇಳಿಕೊಂಡು ಬರುತ್ತಾರೆ. ಆ ಮನೆಯಲ್ಲಿ ಒಳ್ಳೆಯ ಉಕ್ಕು ಒಂದು ದಿನವೂ ಸುಮ್ಮನೆ ಬಿದ್ದಿರುವುದಿಲ್ಲ.

"ಬಿರುಕಿದ್ದ ತುಂಡು?"

"ನಿನ್ನೆ ಸಂಜೀಕ ಗುಜರಿಯವ ಒಯ್ದ," ಎಂದಳು ಕಸ್ತೂರೆವ್ವ. ಈ ಸಲ ಅವಳ ದನಿಯಲ್ಲೂ ಚೇಷ್ಟೆ ಇರಲಿಲ್ಲ.

ಬಿರುಕು ಇದ್ದಿರಬಹುದು, ಇಲ್ಲದೆಯೂ ಇದ್ದಿರಬಹುದು. ತಾಳೆ ನೋಡಲು ಇನ್ನೊಂದು ಉತ್ತರಪತ್ರಿಕೆ ಇರಲಿಲ್ಲ. ಶಾಲೆಯಲ್ಲಿ ಅವರ ಸಂಶಯ ತಪ್ಪಾಗಿದ್ದರೆ ಒಬ್ಬ ಹುಡುಗನಿಗೆ ಒಂದು ವರ್ಷ ಹೋಗುತ್ತಿತ್ತು. ಇಲ್ಲಿ ತಪ್ಪಾದರೆ? ವಿಜಯಲಕ್ಷ್ಮಿ ಕಾರಿಗೆ ಒರಗಿ ನಿಂತಿದ್ದಳು, ಏನೂ ಕೇಳದೆ. ಕೇಳಿದ್ದರೆ ಬೇಡ ಎನ್ನುವುದು ಸುಲಭವಿತ್ತು.

"ಕೂಡಸ್ರಿ," ಎಂದರು ವಿದ್ಯಾವತಿ. "ವಿಜು ಓಡಸ್ತಾಳ. ನೀವು ಬಾಜೂ ಕೂಡ್ರತೀರೇನು, ಕಾಳಪ್ಪ?"

"ಕೂಡ್ರತೇನಿ. ನೀವು ಹಿಂದ ಕೂಡ್ರಬೇಕು."

"ನಾ ಯಾಕ?"

"ಲೋಡ್ ಇಲ್ದ ಪಾಟಾ ಖರೇ ಮಾತಾಡಂಗಿಲ್ರಿ. ಮ್ಯಾಲ ನೀವು ದೂರ ನಿಂತು ನೋಡಿದ್ರ, ನಾಳೆ ಮತ್ತೊಂದು ಸಂಶೆ."

"ಹಂಗಾದ್ರ ನಾನೂ ಬರ್ತೇನಿ," ಎಂದಳು ಕಸ್ತೂರೆವ್ವ ಸೆರಗು ಬಿಚ್ಚಿ ಮುಖ ಒರೆಸಿಕೊಳ್ಳುತ್ತ. "ಸುತ್ತಿಗಿ ಹೊಡದಾಕಿ ನಾನ. ಸತ್ರ ಇವನೊಬ್ಬನ ಯಾಕ ಸಾಯಬೇಕು?"

ಮೂವತ್ತು ವರ್ಷಗಳ ಮೇಲೆ ವಿದ್ಯಾವತಿ ಆ ಕಾರಿನೊಳಗೆ ಬಗ್ಗಿ ಕೂತರು. ಸೀಟಿಗೆ ಹೊಸ ಬಟ್ಟೆ, ಆದರೆ ಒಳಗಿನ ವಾಸನೆ ಹಳೆಯದೇ. ಎಡಮೊಣಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡರು. ಊರು ದಾಟಿ, ಕಾಲುವೆಯ ಪಕ್ಕ ರಸ್ತೆ ಜೋರಾಗಿ ಎಡಕ್ಕೆ ತಿರುಗುವ ಜಾಗಕ್ಕೆ ಬಂದರು. ಎರಡೂ ಕಡೆ ತೊಗರಿ ಹೂಬಿಟ್ಟಿತ್ತು, ರಸ್ತೆ ಖಾಲಿ. ವಿಜಯಲಕ್ಷ್ಮಿ ಮೊದಲು ಸಾವಕಾಶವಾಗಿ ತಿರುಗಿಸಿದಳು. ಎರಡನೆಯ ಸಲ ದೂರದಿಂದಲೇ ವೇಗ ಏರಿಸಿಕೊಂಡು ಬಂದಳು.

"ನಡು ತಿರುವಿನ್ಯಾಗ ಎಕ್ಸಿಲೇಟರ್ ಮ್ಯಾಲಿಂದ ಕಾಲ ತೆಗಿತೇನಿ, ಅವ್ವ. ಅಪ್ಪಂದು ಅಲ್ಲೇ ಮಡಚಿತ್ತು."

ವಿದ್ಯಾವತಿ ರಸ್ತೆ ನೋಡಲಿಲ್ಲ. ಎಡಗಡೆ ಮುಂದೆ ಕೂತಿದ್ದ ಕಾಳಪ್ಪನ ಕುತ್ತಿಗೆ ನೋಡಿದರು. ಸುಳ್ಳು ಹೇಳಿದವನಾಗಿದ್ದರೆ ಈಗ ಕೈ ಏನನ್ನಾದರೂ ಹಿಡಿಯುತ್ತದೆ, ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತದೆ. ಎಂಜಿನ್ನಿನ ಸದ್ದು ಒಮ್ಮೆಲೇ ಬಿದ್ದುಹೋಯಿತು. ಎಲ್ಲರೂ ಬಲಕ್ಕೆ ವಾಲಿದರು. ಕಸ್ತೂರೆವ್ವನ ಕಲ್ಲಿನಂಥ ಭುಜ ವಿದ್ಯಾವತಿಯ ಎದೆಗೆ ಒತ್ತಿತು. ಕಾರಿನ ಹಿಂಭಾಗ ಗೇಣಿನಷ್ಟು ಹೊರಕ್ಕೆ ಜಾರಿತು. ಕಾಳಪ್ಪ ಕಣ್ಣು ಮುಚ್ಚಿ, ಕಿವಿಯನ್ನು ಹಿಂದಿನ ಗಾಲಿಯ ಕಡೆಗೆ ಓರೆಮಾಡಿ ಕೂತಿದ್ದ. ಕೈಗಳು ತೊಡೆಯ ಮೇಲೆ ಬಿಚ್ಚಿಕೊಂಡೇ ಇದ್ದವು.

ಗಾಲಿ ನೆಲ ಬಿಡಲಿಲ್ಲ. ಕಾರು ಒಮ್ಮೆ ಮೈ ಕೊಡವಿ ನೆಟ್ಟಗಾಯಿತು.

"ಯಪ್ಪಾ ಬಸವಣ್ಣಾ!" ಎಂದಳು ಕಸ್ತೂರೆವ್ವ.

"ಇನ್ನೊಮ್ಮೆ," ಎಂದರು ವಿದ್ಯಾವತಿ.

ಇನ್ನೊಮ್ಮೆ ಆಯಿತು. ಆಮೇಲೆ ಆ ಕಡೆಯಿಂದ ಬಂದು ಬಲಕ್ಕೆ. ಆಮೇಲೆ ಇನ್ನೂ ಜೋರಾಗಿ. ಐದನೆಯ ಸಲಕ್ಕೆ ಕಸ್ತೂರೆವ್ವ, "ನನ್ನ ಇಳಿಸಿ ಎಷ್ಟರ ಸುತ್ತ ಹಾಕ್ರಿ, ಉಂಡ ರೊಟ್ಟಿ ಮ್ಯಾಲ ಬರಾಕತ್ತೇತಿ," ಎಂದು ಕೂಗಿದಳು. ಏಳನೆಯದು ಮುಗಿದು ಮಗಳು ಕಾರು ಪಕ್ಕಕ್ಕೆ ನಿಲ್ಲಿಸಿದಳು. ಬಿಸಿಯಾದ ಕಬ್ಬಿಣ ಕೆಳಗೆ ಟಿಕ್ ಟಿಕ್ ಎಂದು ತಣಿಯುತ್ತಿತ್ತು.

"ನಾಳೆ ಎಷ್ಟಕ್ಕ ಹೊಂಡಬೇಕು ಅಂದಿ?" ಎಂದು ವಿದ್ಯಾವತಿ ಕೇಳಿದರು.

ವಿಜಯಲಕ್ಷ್ಮಿ ತಿರುಗಿ ನೋಡಿದಳು. "ಆರಕ್ಕ, ಅವ್ವ."

"ಹೂಂ." ಅಷ್ಟು ಹೇಳಿ ಅವರು ಮುಂದೆ ಬಾಗಿದರು. "ಕಾಳಪ್ಪ, ನಾಳೆ ಮುಂಜಾನಿ ಬಸ್ಸಿಗೆ ನೀವೂ ವಿಜಯಪುರಕ್ಕ ಬರ್ರಿ."

"ನಾ ಯಾಕ್ರಿ ಅಕ್ಕಾರ? ನನ್ನ ಕೆಲಸ ಆತಲ್ಲ."

"ಓಟ ಮುಗಿಯೋತನಾ ನಾ ನಿಮ್ಮನ್ನ ನಂಬಿಲ್ಲ."

ಕಾಳಪ್ಪ ಮೊದಲ ಸಲ ನಕ್ಕ. ಮುಂದಿನ ಎರಡು ಹಲ್ಲು ಇರಲಿಲ್ಲ.

"ನಂಬಬ್ಯಾಡ್ರಿ," ಎಂದ. "ಬರ್ತೇನಿ."